ಮಂಗಳೂರಿನ ಬಾಡಿಗೆ ಫ್ಲ್ಯಾಟು: ಮನೆ ನೋಡುವ ದಿನದಿಂದ ಕೀ ವಾಪಸ್ ಕೊಡುವ ದಿನದವರೆಗೆ

ಬಿಜೈಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಾಳಿಗೆಯಲ್ಲಿದ್ದೆವು. ಜುಲೈ ತಿಂಗಳು. ಬೆಡ್‌ರೂಮಿನ ಪಡು ಬದಿಯ ಗೋಡೆ ಪೂರ್ತಿ ಒದ್ದೆಯಾಗಿ, ಕಪಾಟಿನೊಳಗಿನ ಸೀರೆಗಳಿಗೆ ಬೂಸ್ಟು ಹಿಡಿಯಿತು. ಕೇರ್‌ಟೇಕರ್ ಹತ್ತಿರ ಹೇಳಿದೆ. "ಓನರಿಗೆ ಹೇಳಿ ಅಕ್ಕಾ" ಅಂದರು. ಓನರ್ ಇದ್ದದ್ದು ದುಬೈಯಲ್ಲಿ. "ಹೊರಗಿನ ಗೋಡೆ ಅಲ್ವಾ, ಅದು ಅಸೋಸಿಯೇಷನ್‌ನವರ ಕೆಲಸ" ಅಂದರು ಅವರು. ಫ್ಲ್ಯಾಟ್ ಓನರ್‌ಗಳ ಆ ಸಂಘದ ಸೆಕ್ರೆಟರಿ ಮನೆಗೆ ಹೋದರೆ, "ನಾವು ಓನರ್ ಜೊತೆ ಮಾತ್ರ ಮಾತಾಡುವುದು" ಎಂಬ ಉತ್ತರ ಸಿಕ್ಕಿತು. ಮಳೆಗಾಲ ಮುಗಿಯುವವರೆಗೂ ಗೋಡೆ ಹಾಗೆಯೇ ಇತ್ತು. ಮರುವರ್ಷ ಮನೆ ಖಾಲಿ ಮಾಡುವಾಗ ಅದೇ ಗೋಡೆಗೆ ಪೇಂಟ್ ಹೊಡೆಸುವ ಖರ್ಚನ್ನು ನಮ್ಮ ಅಡ್ವಾನ್ಸಿನಿಂದ ಹಿಡಿದರು.

ಆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಒಂದು ವರ್ಷ ಮೂರು ಜನರ ಹತ್ತಿರ ಬಾಯಿಮಾತಿನಲ್ಲಿ ಹೇಳಿದ್ದೆವು. ಎಲ್ಲಿಯೂ ಒಂದು ಸಾಲು ಬರೆದಿಟ್ಟಿರಲಿಲ್ಲ. ಲೈನ್ ಮನೆಯಲ್ಲಿ, ಅಂದರೆ ಒಂದೇ ಸಾಲಿನಲ್ಲಿ ಕಟ್ಟಿದ ಸಣ್ಣ ಮನೆಗಳಲ್ಲಿ, ಬಾಡಿಗೆಗೆ ಇದ್ದವರಿಗೆ ಈ ಕಷ್ಟ ಗೊತ್ತಿರುವುದಿಲ್ಲ. ಜೆಪ್ಪುವಿನ ಲೈನ್ ಮನೆಯಲ್ಲಿದ್ದಾಗ ಧಣಿಗಳ ಮನೆ ಎದುರಿಗೇ ಇತ್ತು. ನಲ್ಲಿ ಹಾಳಾದರೆ ಅಂಗಳದಿಂದ ಕೂಗಿ ಹೇಳಿದರೆ ಸಾಕಿತ್ತು. ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ಮನೆ ಒಬ್ಬರದ್ದು, ಗೋಡೆ ಎಲ್ಲರದ್ದು, ವಾಸ ನಮ್ಮದು. ಯಾವ ಮಾತನ್ನು ಯಾರ ಹತ್ತಿರ, ಯಾವಾಗ, ಹೇಗೆ ಹೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ತೊಂದರೆ ಬರುವುದೇ ಇಲ್ಲ. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮನೆ ನೋಡುವಾಗ ಮೊದಲು ನೀರು, ಆಮೇಲೆ ಟೈಲ್ಸ್

ನೀರು ಅಂದರೆ ನಮ್ಮೂರಲ್ಲಿ ಎರಡು ಬಗೆ. ಆಕಾಶದಿಂದ ಬರುವುದು, ನಲ್ಲಿಯಲ್ಲಿ ಬರುವುದು. ಎರಡನ್ನೂ ವಿಚಾರಿಸಬೇಕು.

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನೈಋತ್ಯದಿಂದ ಬೀಸುವ ಗಾಳಿಯ ಜೊತೆ ಬರುತ್ತದೆ. ಹಾಗಾಗಿ ಏಟು ತಿನ್ನುವುದು ಪಡು ಮತ್ತು ತೆಂಕು ಬದಿಯ ಗೋಡೆಗಳು. ಆಗುವುದಾದರೆ ಮಳೆ ಬರುವ ದಿನವೇ ಮನೆ ನೋಡಲು ಹೋಗಿ. ಬೇಸಿಗೆಯಲ್ಲಿ ನೋಡುವುದಾದರೆ ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ. ಬೂಸ್ಟಿನ ವಾಸನೆ ಹೊಸ ಪೇಂಟಿನಡಿಯಲ್ಲೂ ಉಳಿಯುತ್ತದೆ. ಕಿಟಕಿಯ ಮೂಲೆಗಳಲ್ಲಿ ಪೇಂಟ್ ಗುಳ್ಳೆ ಎದ್ದಿದೆಯಾ, ಬಾತ್‌ರೂಮಿನ ಹಿಂದಿನ ಗೋಡೆಯ ಬುಡದಲ್ಲಿ ಸಿಮೆಂಟು ಪುಡಿ ಉದುರುತ್ತಿದೆಯಾ ನೋಡಿ. ಒಂದೇ ಒಂದು ಗೋಡೆಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಮೇಲಿನ ಮಾಳಿಗೆಯ ಮನೆಯಾದರೆ ಟೆರೇಸ್ ಹತ್ತಿ ನೋಡಿ. ಟೆರೇಸಿನ ಮೇಲೆ ಶೀಟ್ ಹಾಕಿದ್ದರೆ ಮಳೆಗಾಲದಲ್ಲಿ ಸೋರುವ ಭಯ ಕಡಿಮೆ, ಬೇಸಿಗೆಯಲ್ಲಿ ಸೆಕೆಯೂ ಸ್ವಲ್ಪ ಕಡಿಮೆ.

ಇನ್ನು ನಲ್ಲಿ ನೀರು. ಇಷ್ಟೊಂದು ಮಳೆ ಬೀಳುವ ಊರಿಗೆ ಬೇಸಿಗೆಯಲ್ಲಿ ನೀರಿಲ್ಲ ಅಂದರೆ ಹೊರಗಿನಿಂದ ಬಂದವರು ನಂಬುವುದಿಲ್ಲ. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮುಂಗಾರಿಗೆ ಮೊದಲಿನ ಮಳೆ ಕೈಕೊಟ್ಟರೆ ಏಪ್ರಿಲ್, ಮೇಯಲ್ಲಿ ಅಲ್ಲಿ ನೀರಿನ ಮಟ್ಟ ಇಳಿಯುತ್ತದೆ. 2019ರಲ್ಲಿ ಮತ್ತು 2023ರಲ್ಲಿ ಪಾಳಿಯ ಮೇಲೆ ನೀರು ಬಿಟ್ಟದ್ದು ಇಲ್ಲಿದ್ದವರಿಗೆಲ್ಲ ನೆನಪಿದೆ. ಉಡುಪಿಯಲ್ಲಾದರೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನದ್ದೂ ಇದೇ ಕತೆ. ಹಾಗಾಗಿ "ನೀರಿದೆಯಾ" ಅಂತ ಸುಮ್ನೆ ಕೇಳಿದರೆ ಆಗಲಿಲ್ಲ. ಕಾರ್ಪೊರೇಷನ್ ಲೈನ್ ಇದೆಯಾ, ಬಾವಿ ಇದೆಯಾ, ಬೋರ್ ಇದೆಯಾ, ಕಳೆದ ಮೇಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು, ಟ್ಯಾಂಕರಿನ ದುಡ್ಡು ಮೇಂಟೆನೆನ್ಸಿನಲ್ಲೇ ಸೇರಿದೆಯಾ ಬೇರೆ ಕೊಡಬೇಕಾ, ಇಷ್ಟನ್ನೂ ಕೇಳಿ. ಬೋರಿನ ನೀರಾದರೆ ಬಾತ್‌ರೂಮಿನ ಬಕೆಟ್ಟು ನೋಡಿ. ಕೆಂಪು ಕಲೆ ಕೂತಿದ್ದರೆ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಅಂತ ಅರ್ಥ. ಬಿಳಿ ಬಟ್ಟೆ ಬೇಗ ಹಾಳಾಗುತ್ತದೆ.

ಈ ಪ್ರಶ್ನೆಗಳನ್ನು ಬ್ರೋಕರ್ ಹತ್ತಿರ ಕೇಳಬೇಡಿ. ಕೇರ್‌ಟೇಕರ್ ಅಥವಾ ಅದೇ ಮಾಳಿಗೆಯ ಇನ್ನೊಬ್ಬ ಬಾಡಿಗೆದಾರರ ಹತ್ತಿರ ಕೇಳಿ. ಎದುರು ಮನೆಯ ಬೆಲ್ ಒತ್ತಿ, "ಈ ಮನೆ ನೋಡಲು ಬಂದಿದ್ದೇವೆ, ನೀರಿಗೆ ಹೇಗೆ ಇಲ್ಲಿ?" ಅಂತ ವಿಚಾರಿಸಿ. ಯಾರೂ ಬೇಸರ ಮಾಡುವುದಿಲ್ಲ. ಅವರು ಮಾತಾಡಿಸುವ ರೀತಿಯಲ್ಲೇ ಆ ಕಟ್ಟಡದ ಸ್ವಭಾವ ಅರ್ಧ ತಿಳಿಯುತ್ತದೆ.

ಹೆಜ್ಜೆ 2: ಅಡ್ವಾನ್ಸ್ ಕೊಡುವ ಮೊದಲು

ಮೇಂಟೆನೆನ್ಸ್ ಯಾರು ಕೊಡುವುದು ಎಂಬುದನ್ನು ಬಿಡಿಸಿ ಕೇಳಿ. ತಿಂಗಳ ಮೇಂಟೆನೆನ್ಸ್, ಅಂದರೆ ವಾಚ್‌ಮನ್, ಲಿಫ್ಟು, ಕಸ, ಪಂಪಿನ ಕರೆಂಟು, ಇದನ್ನು ಬಾಡಿಗೆದಾರರು ಕೊಡುವುದು ರೂಢಿ. ಆದರೆ ಕಟ್ಟಡಕ್ಕೆ ಬಣ್ಣ, ಹೊಸ ಲಿಫ್ಟು, ಟೆರೇಸಿಗೆ ಶೀಟ್ ಇಂಥವಕ್ಕೆ ಎತ್ತುವ ದುಡ್ಡು ಆಸ್ತಿಗೆ ಸೇರಿದ್ದು, ಅದು ಓನರದ್ದು. ಇದನ್ನು ಮೊದಲೇ ಮಾತಾಡದ ಕಾರಣ ನನ್ನ ಗುರ್ತದ ಒಂದು ಕುಟುಂಬದವರು ಕಟ್ಟಡದ ಪೇಂಟಿನ ಪಾಲನ್ನು ತಾವೇ ಕೊಟ್ಟಿದ್ದರು.

ಅಸೋಸಿಯೇಷನ್ನಿನ ಬೈಲಾ ಅಥವಾ ಮನೆ ನಿಯಮಗಳ ಪ್ರತಿ ಕೇಳಿ ಓದಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಡಿ ಇರುವ ಕಟ್ಟಡಗಳಲ್ಲಿ ಬೈಲಾ ಓನರಿಗೆ ಎಷ್ಟು ಅನ್ವಯಿಸುತ್ತದೋ ಬಾಡಿಗೆದಾರರಿಗೂ ಅಷ್ಟೇ ಅನ್ವಯಿಸುತ್ತದೆ. "ನಮಗೆ ಯಾರೂ ಹೇಳಲಿಲ್ಲ" ಎಂಬ ಮಾತು ಆಮೇಲೆ ನಡೆಯುವುದಿಲ್ಲ. ಮೀನು, ಮಾಂಸ ಬೇಯಿಸಬಹುದಾ, ನಾಯಿ ಬೆಕ್ಕು ಸಾಕಬಹುದಾ, ಮದುವೆಯಾಗದವರಿಗೆ ಮನೆ ಕೊಡುತ್ತಾರಾ, ಪಾರ್ಕಿಂಗ್ ಸ್ಲಾಟಿನ ನಂಬರ್ ಯಾವುದು, ಎಲ್ಲವನ್ನೂ ಮುಖಾಮುಖಿ ಕೇಳಿ. ಸಾಕುಪ್ರಾಣಿಗಳ ಬಗ್ಗೆ ಒಂದು ವಿಷಯ ಗೊತ್ತಿರಲಿ. ಅಸೋಸಿಯೇಷನ್‌ನವರು ಅವನ್ನು ಪೂರ್ತಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ಓನರಿಗೆ ಮನಸ್ಸಿಲ್ಲದಿದ್ದರೆ ಆ ಕಾಗದ ಹಿಡಿದು ಒಳಗೆ ಹೋಗುವುದರಲ್ಲಿ ಸುಖವಿಲ್ಲ. ಬೇರೆ ಮನೆ ನೋಡುವುದೇ ಒಳ್ಳೆಯದು.

ಹೆಜ್ಜೆ 3: ಅಗ್ರಿಮೆಂಟ್

ಎಲ್ಲರೂ 11 ತಿಂಗಳಿಗೆ ಯಾಕೆ ಮಾಡುತ್ತಾರೆ ಗೊತ್ತಾ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳಾದರೆ ಆ ಓಡಾಟ, ಖರ್ಚು ಉಳಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ 11 ತಿಂಗಳು ಮುಗಿದ ಮೇಲೆ ಹೊಸ ಅಗ್ರಿಮೆಂಟ್ ಮಾಡದೆ ವರ್ಷಗಟ್ಟಲೆ ಹಾಗೆಯೇ ಇರುವವರು ನಮ್ಮಲ್ಲಿ ಬಹಳ. ಆಗ ನಿಮ್ಮದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಬೇರೆ ಕರಾರಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ 15 ದಿನಗಳ ನೋಟಿಸ್ ಸಾಕು. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ 15 ದಿನ ಯಾವ ಲೆಕ್ಕ? ಅಗ್ರಿಮೆಂಟ್ ಕಾಲಕಾಲಕ್ಕೆ ಹೊಸದು ಮಾಡಿಸಿ. ಎರಡೂ ಕಡೆಗೆ ಎರಡು ತಿಂಗಳ ನೋಟಿಸ್ ಅಂತ ಬರೆಸಿ.

ಅಡ್ವಾನ್ಸಿನ ವಿಷಯ. ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಇಲ್ಲಿ ಅಷ್ಟಾಗಿ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರೆ ಮಾತ್ರ ಜಾರಿ. ಆದರೂ ಚೌಕಾಸಿ ಮಾಡುವಾಗ ಹೇಳಲು ಒಳ್ಳೆಯ ಆಧಾರ. ಎಷ್ಟೇ ಕೊಟ್ಟರೂ ಬ್ಯಾಂಕ್ ಮೂಲಕ ಕೊಡಿ. ವಾಪಸ್ ಕೊಡುವುದು ಯಾವಾಗ, ಯಾವುದಕ್ಕೆ ಹಿಡಿಯಬಹುದು, ಯಾವುದಕ್ಕೆ ಹಿಡಿಯುವಂತಿಲ್ಲ ಎಂಬುದನ್ನು ಬರೆಸಿ. "ಮಳೆಯ ಒದ್ದೆಯಿಂದ, ಹೊರಗೋಡೆಯ ಸೋರಿಕೆಯಿಂದ ಆದ ಹಾನಿಗೆ ಬಾಡಿಗೆದಾರರು ಹೊಣೆಯಲ್ಲ" ಎಂಬ ಒಂದು ಸಾಲು ನಮ್ಮ ಮೊದಲ ಅಗ್ರಿಮೆಂಟಿನಲ್ಲಿ ಇದ್ದಿದ್ದರೆ ಬಿಜೈಯ ಆ ದುಡ್ಡು ಉಳಿಯುತ್ತಿತ್ತು.

ಯಾವ ರಿಪೇರಿ ಯಾರದ್ದು ಎಂಬುದನ್ನೂ ಬರೆಸಿ. ಇದಕ್ಕೆ ಕಾರಣ ಉಂಟು. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು ಅಂತ ಅದೇ 1882ರ ಕಾಯ್ದೆ ಹೇಳುತ್ತದೆ. ಆದರೆ ಅದು ಓನರದ್ದೇ ಹೊಣೆ ಅಂತ ಮೊದಲು ತೋರಿಸಬೇಕಲ್ಲ.

ಇಲ್ಲಿ ಎಷ್ಟೋ ಫ್ಲ್ಯಾಟುಗಳ ಓನರ್‌ಗಳು ಗಲ್ಫಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಅಗ್ರಿಮೆಂಟಿಗೆ ಸಹಿ ಹಾಕುವುದು ಅವರ ತಮ್ಮನೋ ಬಾವನೋ. ಆಗ ಪವರ್ ಆಫ್ ಅಟಾರ್ನಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಇನ್ನೊಂದು, ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯ ಇದೆ. ಓನರ್ ಅನಿವಾಸಿ ಭಾರತೀಯರಾಗಿದ್ದರೆ ಬಾಡಿಗೆಯಲ್ಲಿ ಆದಾಯ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರ ಮೇಲೆ ಬರುತ್ತದೆ. ಇಲ್ಲೇ ಇರುವ ಓನರಿಗೆ ತಿಂಗಳಿಗೆ 50,000 ರೂಪಾಯಿ ಮೀರಿದರೆ ಮಾತ್ರ ಅಂತ ಮಿತಿ ಇದೆ, ಅನಿವಾಸಿಗಳ ವಿಷಯದಲ್ಲಿ ಆ ಮಿತಿ ಇಲ್ಲ. ದರವೂ ಸಣ್ಣದಲ್ಲ, 30 ಶೇಕಡಾ ಮತ್ತು ಅದರ ಮೇಲೆ ಸೆಸ್. ಅಗ್ರಿಮೆಂಟಿಗೆ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಕೇಳಿ. ಓನರ್ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳಬಹುದು, ಹಾಗೆ ಮಾಡಲು ಹೇಳಿ.

ಹೆಜ್ಜೆ 4: ಮೊದಲ ದಿನ, ಸಾಮಾನು ಇಳಿಸುವ ಮೊದಲು

ಖಾಲಿ ಮನೆಯ ವೀಡಿಯೋ ಮಾಡಿ. ಪ್ರತಿ ಗೋಡೆ, ಪ್ರತಿ ನಲ್ಲಿ, ಸಿಂಕಿನ ಕೆಳಗೆ, ಕಪಾಟಿನ ಒಳಗೆ. ಒಡೆದ ಟೈಲ್ಸ್, ಗೀಚಿದ ಬಾಗಿಲು ಬೇರೆ ಬೇರೆಯಾಗಿ ತೋರಿಸಿ. ಕರೆಂಟ್ ಮೀಟರಿನ ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ. ಎಲ್ಲವನ್ನೂ ಅದೇ ದಿನ ಓನರಿನ ವಾಟ್ಸ್ಯಾಪಿಗೆ ಕಳಿಸಿ, "ಇವತ್ತು ಮನೆ ಹೀಗಿದೆ" ಅಂತ ಒಂದು ಸಾಲು ಬರೆಯಿರಿ. ಅರ್ಧ ಗಂಟೆಯ ಕೆಲಸ ಅಷ್ಟೇ. ಮನೆ ಬಿಡುವ ದಿನ ನಿಮ್ಮ ಪರವಾಗಿ ಮಾತಾಡುವುದು ಇದೊಂದೇ.

ಮೆಸ್ಕಾಂ ಬಿಲ್ಲು ಹಳೆಯದು ಬಾಕಿ ಇದೆಯಾ ನೋಡಿ. ಬಾಕಿ ಉಳಿದರೆ ಫ್ಯೂಸ್ ಕೀಳುವುದು ನೀವಿರುವ ಮನೆಯದ್ದು. ಸರಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಸೇವಾ ಸಿಂಧು ಜಾಲತಾಣದಲ್ಲಿ ಬಿಲ್ಲಿನ ಅಕೌಂಟ್ ಐಡಿ, ನಿಮ್ಮ ಆಧಾರ್ ಕೊಟ್ಟು ಅರ್ಜಿ ಹಾಕಬೇಕು. ಆ ಮೀಟರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಸೇರಿಕೊಂಡಿದ್ದರೆ ಅವರು ಡಿ-ಲಿಂಕ್ ಮಾಡಬೇಕು. ಅವರ ಫೋನ್ ನಂಬರ್ ಓನರ್ ಹತ್ತಿರ ಕೇಳಿಟ್ಟುಕೊಳ್ಳಿ. ಉಚಿತದ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಆದರೆ ಎಲ್ಲರಿಗೂ ಪೂರ್ತಿ 200 ಸಿಗುವುದಿಲ್ಲ, ಹಿಂದಿನ ಬಳಕೆಯ ಲೆಕ್ಕ ಹಿಡಿದು ಎಷ್ಟು ಅಂತ ನಿಗದಿಯಾಗುತ್ತದೆ.

ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡಲು ಓನರ್ ಹೇಳಿದರೆ ಹಿಂಜರಿಯಬೇಡಿ, ಅದು ನಿಮಗೂ ಒಂದು ದಾಖಲೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಗ್ಯಾಸ್ ಕನೆಕ್ಷನ್ ವರ್ಗಾವಣೆ ಆಗುವವರೆಗೆ 5 ಕಿಲೋದ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ.

ಮತ್ತೆ, ಅದೇ ದಿನ ಸಂಜೆ ಎದುರಿನ ಮನೆ, ಮೇಲಿನ ಮನೆ, ಕೆಳಗಿನ ಮನೆ, ಈ ಮೂರಕ್ಕೆ ಹೋಗಿ ಹೆಸರು ಹೇಳಿ ಬನ್ನಿ. ಕೆಳಗಿನ ಮನೆಯವರ ಪರಿಚಯ ಬಹಳ ಮುಖ್ಯ. ನಿಮ್ಮ ಬಾತ್‌ರೂಮು ಸೋರಿದರೆ ಮೊದಲು ಗೊತ್ತಾಗುವುದು ಅವರಿಗೆ.

ಹೆಜ್ಜೆ 5: ಯಾವ ದೂರು ಯಾರಿಗೆ

ಇದು ನಾನು ಅತಿ ಹೆಚ್ಚು ಕಷ್ಟಪಟ್ಟು ಕಲಿತ ಪಾಠ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಬಾಗಿಲಿನ ಒಳಗಿನದು ಓನರದ್ದು. ನಲ್ಲಿ, ಕಮೋಡ್, ಸ್ವಿಚ್ಚು, ಒಳಗಿನ ಪೈಪು, ಬಾತ್‌ರೂಮಿನ ನೆಲ. ಬಾಗಿಲಿನ ಹೊರಗಿನದು ಅಸೋಸಿಯೇಷನ್ನಿನದು. ಹೊರಗೋಡೆ, ಟೆರೇಸ್, ಟ್ಯಾಂಕಿ, ಎಲ್ಲ ಮನೆಗಳಿಗೂ ಇಳಿಯುವ ಡಕ್ಟಿನ ಪೈಪು, ಲಿಫ್ಟು, ಮೆಟ್ಟಿಲಿನ ಲೈಟು. ಗಲಾಟೆ, ಕಸ, ಚಪ್ಪಲಿ, ಪಾರ್ಕಿಂಗ್ ಅಡ್ಡ ಇಡುವುದು, ಇವು ನೆರೆಯವರ ಹತ್ತಿರ ಮುಗಿಯಬೇಕಾದದ್ದು. ಜಗಳ ಬರುವುದು ಎಲ್ಲಿ ಅಂದರೆ ಗಡಿಯಲ್ಲಿ. ಮೇಲಿನ ಮನೆಯ ಬಾತ್‌ರೂಮಿನಿಂದ ನಿಮ್ಮ ಸೀಲಿಂಗಿಗೆ ನೀರು ಇಳಿದರೆ ಅದು ಮೇಲಿನ ಓನರಿಗೂ ನಿಮ್ಮ ಓನರಿಗೂ ನಡುವಿನ ವ್ಯವಹಾರ, ಅಸೋಸಿಯೇಷನ್‌ನವರು ಮಧ್ಯಸ್ತಿಕೆ ಮಾಡಬೇಕು. ಹೊರಗೋಡೆಯ ಬಿರುಕಿನಿಂದ ಒಳಗೆ ಒದ್ದೆಯಾದರೆ ಅದು ಅಸೋಸಿಯೇಷನ್ನಿನ ಕೆಲಸ, ಆದರೆ ಹಕ್ಕಿನಿಂದ ಕೇಳಬೇಕಾದವರು ಓನರ್.

ಹಾಗಾಗಿ ಮನೆಗೆ ಬಂದ ವಾರದಲ್ಲೇ ಓನರಿನಿಂದ ಒಂದು ಪತ್ರ ಬರೆಸಿ ಸೆಕ್ರೆಟರಿಗೆ ಕೊಡಿ. "ಇಂಥವರು ನನ್ನ ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಮನೆಯ ನಿರ್ವಹಣೆಗೆ ಸಂಬಂಧಪಟ್ಟ ದೂರುಗಳನ್ನು ನನ್ನ ಪರವಾಗಿ ಕೊಡಲು, ಅದರ ಬಗ್ಗೆ ವಿಚಾರಿಸಲು ಅವರಿಗೆ ನನ್ನ ಒಪ್ಪಿಗೆ ಇದೆ." ಇಷ್ಟು ಸಾಕು. ಇಮೇಲ್ ಆದರೂ ಆಗುತ್ತದೆ. ಮೂರನೇ ಮನೆಗೆ ಹೋದಾಗ ಈ ಪತ್ರ ಮಾಡಿಸಿದೆವು. ಆಮೇಲೆ ಒಮ್ಮೆಯೂ "ಓನರಿಗೆ ಹೇಳಿ" ಎಂಬ ಮಾತು ಕೇಳಲಿಲ್ಲ.

ದೂರು ಹೇಗೆ ಬರೆಯುವುದು? ಸಿಟ್ಟು ಬೇಡ. ಜಾಗ, ದಿನ, ಆದದ್ದು, ಆಗಬೇಕಾದದ್ದು. ಹೀಗೆ:

"ನಮಸ್ಕಾರ. ಜೂನ್ 18ರಿಂದ ಬೆಡ್‌ರೂಮಿನ ಪಡು ಗೋಡೆಯಲ್ಲಿ, ಕಿಟಕಿಯ ಎಡಬದಿಯ ಮೇಲಿನ ಮೂಲೆಯಿಂದ ನೀರು ಇಳಿಯುತ್ತಿದೆ. ಫೋಟೋ ಕಳಿಸಿದ್ದೇನೆ. ಕೇರ್‌ಟೇಕರ್ ಬಂದು ನೋಡಿದ್ದಾರೆ. ಹೊರಗಿನಿಂದ ಬಿರುಕು ಕಾಣುತ್ತಿದೆ. ಮಳೆ ಬಿಟ್ಟ ದಿನ ಅದನ್ನು ಮುಚ್ಚಿಸಬೇಕಾಗಿದೆ. ಅಲ್ಲಿಯವರೆಗೆ ಕಪಾಟನ್ನು ಗೋಡೆಯಿಂದ ಸರಿಸಿ ಇಟ್ಟಿದ್ದೇವೆ. ಕೆಲಸದವರು ಬರುವುದಾದರೆ ಸಂಜೆ 5ರ ನಂತರ ಮನೆಯಲ್ಲಿ ಇರುತ್ತೇವೆ."

ಕೊನೆಯ ಎರಡು ಸಾಲು ಬಿಡಬೇಡಿ. ನೀವೂ ನಿಮ್ಮ ಪಾಲಿನದ್ದು ಮಾಡಿದ್ದೀರಿ ಅಂತ ಅವು ತೋರಿಸುತ್ತವೆ. ಇದನ್ನು ಓನರಿಗೆ ಕಳಿಸಿ, ಪ್ರತಿಯನ್ನು ಸೆಕ್ರೆಟರಿಗೆ ಕಳಿಸಿ. ಕಟ್ಟಡದ ದೊಡ್ಡ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಅಲ್ಲಿ ಹಾಕಿದರೆ ಉತ್ತರ ಕೊಡಬೇಕಾದವರು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳುತ್ತಾರೆ, ಉಳಿದವರು ಬದಿ ಹಿಡಿಯುತ್ತಾರೆ, ಗೋಡೆ ಒದ್ದೆಯಾಗಿಯೇ ಇರುತ್ತದೆ. ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಸಂದೇಶದ ಕೆಳಗೆ ನೆನಪಿಸಿ.

ಮಹಾಸಭೆಯಲ್ಲಿ ಬಾಡಿಗೆದಾರರಿಗೆ ಸಾಮಾನ್ಯವಾಗಿ ಮತ ಇರುವುದಿಲ್ಲ. ಆದರೆ ಸಭೆಗೆ ಬಂದು ಕೂರಬಹುದಾ ಅಂತ ಕೇಳಿದರೆ ಹಲವು ಕಡೆ ಒಪ್ಪುತ್ತಾರೆ. ಮತ ಇಲ್ಲದಿದ್ದರೂ ಕೆಲಸಕ್ಕೆ ಕೈ ಕೊಡಬಹುದಲ್ಲ. ನಮ್ಮ ಕಟ್ಟಡದಲ್ಲಿ ಬೇಸಿಗೆಯ ನೀರಿನ ಲೆಕ್ಕ ಬರೆದಿಡುವ ಕೆಲಸವನ್ನು ಎರಡು ವರ್ಷ ಒಬ್ಬ ಬಾಡಿಗೆದಾರರೇ ಮಾಡಿದರು. ಆಮೇಲೆ ನೀರಿನ ವಿಷಯ ಬಂದರೆ ಕಮಿಟಿಯವರು ಮೊದಲು ಕೇಳುತ್ತಿದ್ದದ್ದು ಅವರನ್ನೇ.

ಹೆಜ್ಜೆ 6: ಮಳೆಗಾಲಕ್ಕೆ ತಯಾರಿ, ಮೇ ಮುಗಿಯುವ ಮೊದಲು

ಸ್ಲೈಡಿಂಗ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ವರ್ಷವಿಡೀ ಧೂಳು ಕೂತು ಅವು ಮುಚ್ಚಿರುತ್ತವೆ. ಹಳೆಯ ಟೂತ್‌ಬ್ರಶ್ ಹಿಡಿದು ತೆರೆಯಿರಿ. ಕಿಟಕಿಯಿಂದ ಒಳಗೆ ನೀರು ಬರುತ್ತದೆ ಎಂಬ ಎಷ್ಟೋ ದೂರುಗಳು ಇಷ್ಟರಲ್ಲೇ ಮುಗಿಯುತ್ತವೆ. ಬಾಲ್ಕನಿಯ ನೀರು ಹೋಗುವ ಜಾಲರಿ ಶುಚಿ ಮಾಡಿ. ಕಪಾಟು, ಮಂಚ ಪಡು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಗಾಳಿ ಆಡಬೇಕು. ಮಳೆ ಬಿಟ್ಟು ಬಿಸಿಲು ಬಂದ ದಿನ ಎಲ್ಲ ಕಪಾಟಿನ ಬಾಗಿಲು ತೆರೆದಿಡಿ. ಸರ್ಟಿಫಿಕೇಟು, ಅಗ್ರಿಮೆಂಟು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಲಿನ ಹಲಗೆಯಲ್ಲಿಡಿ. ಮನೆಯೊಳಗೆ ಬಟ್ಟೆ ಒಣಗಿಸುವುದು ಅನಿವಾರ್ಯ. ಆದರೆ ಬೆಡ್‌ರೂಮಿನಲ್ಲಿ ಬೇಡ, ಗಾಳಿ ಹೋಗಿ ಬರುವ ಹಾಲಿನಲ್ಲಿ ಫ್ಯಾನ್ ಹಾಕಿ ಒಣಗಿಸಿ. ಒದ್ದೆ ಬಟ್ಟೆಯ ನೀರೆಲ್ಲ ಗೋಡೆಗೇ ಹೋಗುತ್ತದೆ.

ಏಪ್ರಿಲ್, ಮೇಯ ಸಂಜೆಯ ಗುಡುಗು ಸಿಡಿಲಿಗೆ ಟಿವಿ, ವೈಫೈ ಸುಟ್ಟುಹೋಗುವುದು ಇಲ್ಲಿ ಪ್ರತಿ ವರ್ಷದ ಮಾತು. ಗುಡುಗಿನ ಸದ್ದು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೆಯಿನ್ ಬೋರ್ಡಿನಲ್ಲಿ ಶಾಕ್ ತಡೆಯುವ ಇಎಲ್‌ಸಿಬಿ ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಕೆಳಗೆ ಬೀಳುತ್ತದಾ ನೋಡಿ. ಒದ್ದೆ ಗೋಡೆಯ ಮೇಲಿನ ಸ್ವಿಚ್ಚಿಗೆ ಕೈ ಹಾಕುವ ಊರಿನಲ್ಲಿ ಇದು ಜೀವ ಉಳಿಸುವ ವಸ್ತು. ಇಲ್ಲದಿದ್ದರೆ ಓನರ್ ಹತ್ತಿರ ಹಾಕಿಸಿಕೊಡಲು ಕೇಳಿ, ಇದರಲ್ಲಿ ಸಂಕೋಚ ಬೇಡ.

ಮಲೇರಿಯಾ ಮಂಗಳೂರಿಗೆ ಹಳೆಯ ಶತ್ರು. 2019ರಲ್ಲಿ ಡೆಂಗಿ ಎಷ್ಟು ಮನೆಗಳನ್ನು ಮಲಗಿಸಿತ್ತು ಅಂತ ಮರೆಯುವ ಹಾಗಿಲ್ಲ. ಎರಡೂ ಸೊಳ್ಳೆಗಳು ಮನೆಯ ಸುತ್ತಮುತ್ತ ನಿಂತ ಶುದ್ಧ ನೀರಿನಲ್ಲೇ ಹುಟ್ಟಬಲ್ಲವು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿ ಫ್ರಿಜ್ಜಿನ ಹಿಂದಿನ ಟ್ರೇ, ಹೂಕುಂಡದ ತಟ್ಟೆ, ಬಾಲ್ಕನಿಯ ಬಕೆಟ್ಟು, ಏಸಿಯ ನೀರು ಬೀಳುವ ಡಬ್ಬ ಎಲ್ಲ ಖಾಲಿ ಮಾಡಿ. ಟೆರೇಸಿನ ಟ್ಯಾಂಕಿಗೆ ಮುಚ್ಚಳ ಇದೆಯಾ ಅಂತ ಕೇರ್‌ಟೇಕರ್ ಜೊತೆ ಒಮ್ಮೆ ಹೋಗಿ ನೋಡಿ.

ಹೆಜ್ಜೆ 7: ಕೂಡಿ ಬಾಳುವುದು

ಕಸದ ವಿಷಯ ಮೊದಲು. ಹಸಿ, ಒಣ ಬೇರೆ ಮಾಡಿ ಕೊಡುವುದು 2016ರಲ್ಲಿ ಬಂದ ಘನತ್ಯಾಜ್ಯ ನಿಯಮದಿಂದ ಎಲ್ಲರ ಹೊಣೆಯಾಗಿದೆ. ಪ್ಯಾಡು, ಡಯಾಪರ್ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಅಲ್ಲಿಯ ಜನ ಮನೆ ಬಿಟ್ಟು ಹೋಗಬೇಕಾಯಿತು. ನಾವು ಬಕೆಟ್ಟಿನಲ್ಲಿ ಬೆರೆಸಿ ಹಾಕಿದ್ದು ಇನ್ನೊಬ್ಬರ ತೋಟದಲ್ಲಿ ಹೋಗಿ ಬೀಳುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆವು. ಮೀನು ಶುಚಿ ಮಾಡಿದ ದಿನ ಕಸದ ಗಾಡಿ ಬರುವವರೆಗೆ ಆ ಕಸವನ್ನು ಮುಚ್ಚಿದ ಡಬ್ಬದಲ್ಲಿ ಇಡಿ. ಮಾರುಕಟ್ಟೆಯಲ್ಲೇ ಶುಚಿ ಮಾಡಿಸಿ ತಂದರೆ ಇನ್ನೂ ಒಳ್ಳೆಯದು.

ನಮ್ಮ ಒಂದು ಮಾಳಿಗೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಕೇಳಿಸುತ್ತಿತ್ತು. ಘಟ್ಟದ ಮೇಲಿನಿಂದ ಬಂದವರು ಒಂದೆರಡು ಮಾತು ಕಲಿತರೆ ಸಾಕು, ಬಾಗಿಲು ತೆರೆಯುತ್ತದೆ. ತುಳುವಿನಲ್ಲಿ "ಎಂಚ ಉಲ್ಲರ್" (ಹೇಗಿದ್ದೀರಿ) ಅಂತ ಕೇಳಿದರೆ ಮೇಲಿನ ಮನೆಯ ಅಜ್ಜಿಯ ಮುಖ ಅರಳುತ್ತದೆ. ಕ್ರೈಸ್ತರ ತೆನೆಹಬ್ಬ ಮೊಂತಿ ಫೆಸ್ತಿಗೆ ಎದುರು ಮನೆಯ ಬಾಯಮ್ಮ ಹೊಸ ಅಕ್ಕಿಯ ಪಾಯಸ ಕಳಿಸಿದರೆ, ಅಷ್ಟಮಿಗೆ ನೀವು ಉಂಡೆ ಚಕ್ಕುಲಿ ಕಳಿಸುತ್ತೀರಿ, ರಂಜಾನಿಗೆ ಇನ್ನೊಂದು ಮನೆಯಿಂದ ಬಿರಿಯಾನಿ ಬರುತ್ತದೆ. ಪಾತ್ರೆ ಖಾಲಿ ವಾಪಸ್ ಕೊಡುವುದಿಲ್ಲ ನಮ್ಮಲ್ಲಿ. ತಿನ್ನದೇ ಇರುವುದು ಏನಾದರೂ ಇದ್ದರೆ ಮೊದಲೇ ಹೇಳಿಬಿಡಿ, ಯಾರಿಗೂ ಬೇಸರವಿಲ್ಲ.

ಸದ್ದಿನ ವಿಷಯಕ್ಕೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆದರೆ ಮಿಕ್ಸಿ, ಮಕ್ಕಳ ಓಟ, ಕುರ್ಚಿ ಎಳೆಯುವ ಸದ್ದು ಕಾನೂನಿನಿಂದ ಸರಿಯಾಗುವುದಲ್ಲ. ನೇರ ಹೋಗಿ, "ಅಣ್ಣಾ, ಅಮ್ಮನಿಗೆ ಹುಷಾರಿಲ್ಲ, ರಾತ್ರಿ ಹೊತ್ತು ಸ್ವಲ್ಪ ನೋಡಿಕೊಳ್ಳಿ" ಅಂತ ಹೇಳಿ. ವಾಚ್‌ಮನ್ ಕೈಯಲ್ಲಿ ಹೇಳಿ ಕಳಿಸಬೇಡಿ. ಎರಡು ಮನೆಯ ನಡುವೆ ಅವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಆ ವಾಚ್‌ಮನ್, ಮನೆಕೆಲಸದ ಅಕ್ಕ, ಕಸ ತೆಗೆಯುವವರು ಎಷ್ಟೋ ಸಲ ಬಾಗಲಕೋಟೆ, ಕೊಪ್ಪಳ, ಗದಗಿನ ಕಡೆಯಿಂದ ದುಡಿಯಲು ಬಂದವರು. ನಮ್ಮ ಹಾಗೆಯೇ ಊರು ಬಿಟ್ಟು ಬಾಡಿಗೆಗೆ ಇರುವವರು. ಅವರು ಲಿಫ್ಟ್ ಹತ್ತಬಾರದು ಎಂಬ ನಿಯಮ ನಿಮ್ಮ ಕಟ್ಟಡದಲ್ಲಿ ಇದ್ದರೆ, ಬಾಡಿಗೆದಾರರು ಅಂತ ಸುಮ್ಮನಿರಬೇಡಿ. ಸೆಕ್ರೆಟರಿ ಹತ್ತಿರ ಮೆತ್ತಗೆ, ಆದರೆ ಹೇಳಿ. ನಾವು ಹೇಳಿದ್ದೆವು, ಒಂದು ವರ್ಷ ಹಿಡಿಯಿತು, ಆ ಬೋರ್ಡು ತೆಗೆದರು.

ಒಬ್ಬರೇ ಇರುವ ಹುಡುಗಿಯರು, ದೇರಳಕಟ್ಟೆಯಲ್ಲೋ ಮಣಿಪಾಲದಲ್ಲೋ ಓದುವ ಮಕ್ಕಳು ಒಂದು ಮಾತು ತಿಳಿದಿರಿ. ಬಂದವರ ಹೆಸರು ಗೇಟಿನಲ್ಲಿ ಬರೆಸುವುದು ಭದ್ರತೆಯ ವಿಷಯ, ಅದಕ್ಕೆ ಸಹಕರಿಸಿ. ಆದರೆ ನಿಮ್ಮ ಮನೆಗೆ ಯಾರು ಬಂದರು, ಯಾವ ಜಾತಿ ಧರ್ಮದವರು ಅಂತ ಪ್ರಶ್ನೆ ಮಾಡುವುದು ಭದ್ರತೆಯಲ್ಲ. ಹಾಗೆ ಯಾರಾದರೂ ಬಾಗಿಲಿಗೆ ಬಂದು ಬೆದರಿಸಿದರೆ ಬಾಗಿಲು ತೆರೆಯಬೇಡಿ, 112ಕ್ಕೆ ಕರೆ ಮಾಡಿ.

ಹೆಜ್ಜೆ 8: ಮಾತು ಮುರಿದಾಗ

ಓನರ್ ಇದ್ದಕ್ಕಿದ್ದ ಹಾಗೆ ಮನೆ ಬಿಡಿ ಅಂದರೆ ಗಾಬರಿ ಬೇಡ. ನೋಟಿಸಿನ ಅವಧಿ ಇದೆ. ಆಮೇಲೂ ಬಲವಂತವಾಗಿ ಸಾಮಾನು ಹೊರಗೆ ಹಾಕುವಂತಿಲ್ಲ, ಬೀಗ ಬದಲಿಸುವಂತಿಲ್ಲ, ಕೋರ್ಟಿನ ಮೂಲಕವೇ ಹೋಗಬೇಕು. ಹಾಗೆ ಬಲವಂತವಾಗಿ ಹೊರಗೆ ಹಾಕಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಆರು ತಿಂಗಳೊಳಗೆ ದಾವೆ ಹೂಡಬಹುದು. ವಕೀಲರ ಖರ್ಚಿಗೆ ಹೆದರಬೇಡಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಜಗಳ ಎಷ್ಟೇ ಇದ್ದರೂ ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದ ದಿನ ನಿಮ್ಮ ಪಕ್ಷ ತೆಳುವಾಗುತ್ತದೆ.

ಹೆಜ್ಜೆ 9: ಮನೆ ಬಿಡುವಾಗ

ನೋಟಿಸನ್ನು ಬರೆದೇ ಕೊಡಿ. ತಿಂಗಳು ಗೊತ್ತು ಮಾಡುವಾಗ ಆಟಿ ನೆನಪಿರಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಹೊಸ ಮನೆಗೆ ಕಾಲಿಡಲು ಇಲ್ಲಿ ತುಂಬ ಜನ ಒಪ್ಪುವುದಿಲ್ಲ. ಮಳೆಯೂ ಜೋರು, ಸಾಮಾನು ಸಾಗಿಸುವುದೂ ಕಷ್ಟ. ಓನರಿಗೆ ಬೇರೆಯವರು ಸಿಗುವುದು ತಡವಾದರೆ ನಿಮ್ಮ ಅಡ್ವಾನ್ಸೂ ತಡವಾಗುತ್ತದೆ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಸಾಮಾನು ಹೊರಗೆ ಹೋದ ಮೇಲೆ ಮೊದಲ ದಿನದ ಹಾಗೆಯೇ ವೀಡಿಯೋ ಮಾಡಿ. ಮೊದಲಿನದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು ಓನರ್ ಅಥವಾ ಅವರ ಕಡೆಯವರ ಜೊತೆ ಕೋಣೆ ಕೋಣೆ ನೋಡಿ. ಮೆಸ್ಕಾಂ ಬಿಲ್ಲು ಚುಕ್ತಾ ಮಾಡಿ, ಗೃಹಜ್ಯೋತಿ ಡಿ-ಲಿಂಕ್ ಮಾಡಿ, ಮೇಂಟೆನೆನ್ಸ್ ಬಾಕಿ ಇಲ್ಲ ಅಂತ ಸೆಕ್ರೆಟರಿಯಿಂದ ಚೀಟಿ ತೆಗೆದುಕೊಳ್ಳಿ. ಅಡ್ವಾನ್ಸಿನಲ್ಲಿ ಹಿಡಿಯುವುದಿದ್ದರೆ ಬಿಲ್ಲು ತೋರಿಸಲು ಹೇಳಿ. ಕೀ ಎಷ್ಟು ಕೊಟ್ಟಿರಿ, ಯಾರಿಗೆ, ಯಾವ ದಿನ ಎಂಬುದಕ್ಕೆ ಸಹಿ ಹಾಕಿಸಿ. ಬೇರೆಯವರ ಮನೆಯ ಪಾತ್ರೆಗಳು ನಿಮ್ಮಲ್ಲಿ ಉಳಿದಿರುತ್ತವೆ, ಹುಡುಕಿ ಕೊಟ್ಟು ಬನ್ನಿ.

ನಾನು ಇನ್ನೂ ಒಂದು ಕೆಲಸ ಮಾಡುತ್ತೇನೆ. ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ ಬರುತ್ತೇನೆ, ಮುಂದೆ ಬರುವವರಿಗೆ. ನೀರಿನ ವಾಲ್ವ್ ಎಲ್ಲಿದೆ, ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಪ್ಲಂಬರ್ ಬೇಕಾದರೆ ಯಾರನ್ನು ಕೇಳಬೇಕು, ಪಡು ಗಾಳಿ ಬೀಸಿದರೆ ಯಾವ ಕಿಟಕಿಯನ್ನು ಮೊದಲು ಹಾಕಬೇಕು.